ಮೂವತ್ತು ಕಿಲೋ ತೊಗರಿಯ ಪುಸ್ತಕ

“ಕಾಕಾ, ಬುಕ್ಕಿನ್ಯಾಗ ಇದ್ದಂಗೇ ಬರದೀನಿ. ಆದ್ರೂ ತಪ್ಪಂತ ಹೇಳ್ಲತ್ತದ ನೋಡು.”

2023ರ ದೀಪಾವಳಿಗೆ ಜಿಡಗಾಕ್ಕೆ ಹೋದಾಗ ಅಣ್ಣನ ಮಗ ಲ್ಯಾಪ್‌ಟಾಪ್ ಎತ್ತಿಕೊಂಡು ಪಡಸಾಲೆಗೆ ಬಂದ. ಕಲಬುರಗಿಯಲ್ಲಿ ಎಂಸಿಎ ಓದುವ ಹುಡುಗ. ಪಕ್ಕದಲ್ಲಿ ಹೊಚ್ಚಹೊಸ ದಪ್ಪ ಪುಸ್ತಕ, ಇನ್ನೂ ಬೆನ್ನು ಮುರಿಯದ್ದು. ಪರದೆಯ ಮೇಲೆ ಕೆಂಪು ಸಾಲು: ಜಾವಾಎಕ್ಸ್ ಡಾಟ್ ಸರ್ವ್‌ಲೆಟ್ ಎಂಬ ಪ್ಯಾಕೇಜು ಇಲ್ಲವೇ ಇಲ್ಲ.

ನಗು ಬಂತು. ಅವನು ಇಳಿಸಿಕೊಂಡದ್ದು ಟಾಮ್‌ಕ್ಯಾಟ್ 10. ಪುಸ್ತಕ ಬರೆದದ್ದು ಅದಕ್ಕೂ ಹಿಂದಿನ ಕಾಲದ ಸರ್ವರಿಗೆ. ನಡುವೆ ನಡೆದದ್ದಿಷ್ಟು: ಒರಾಕಲ್ ಕಂಪನಿ 2017ರಲ್ಲಿ ಜಾವಾದ ಸರ್ವರ್ ಭಾಗವಾದ ಜಾವಾ ಇಇಯನ್ನು ಎಕ್ಲಿಪ್ಸ್ ಫೌಂಡೇಶನ್ನಿಗೆ ಒಪ್ಪಿಸಿತು, ಹೆಸರನ್ನು ಮಾತ್ರ ಬಿಟ್ಟುಕೊಡಲಿಲ್ಲ. ಹಾಗಾಗಿ ಅದು ಜಕಾರ್ತಾ ಇಇ ಆಯಿತು. 2020ರಲ್ಲಿ ಬಂದ ಜಕಾರ್ತಾ ಇಇ 9ರಲ್ಲಿ ಪ್ಯಾಕೇಜುಗಳ ತಲೆಯಲ್ಲಿದ್ದ ‘ಜಾವಾಎಕ್ಸ್’ ಹೋಗಿ ‘ಜಕಾರ್ತಾ’ ಕೂತಿತು. ಒಳಗಿನ ಮನೆ ಅದೇ, ಬಾಗಿಲ ಮೇಲಿನ ಹೆಸರು ಬೇರೆ. ನಮ್ಮ ಗುಲ್ಬರ್ಗ 2014ರಲ್ಲಿ ಕಲಬುರಗಿ ಆಯಿತಲ್ಲ, ಹಾಗೆ. ಆದರೆ ಗುಲ್ಬರ್ಗ ಅಂತ ಬರೆದ ಪತ್ರ ಇವತ್ತಿಗೂ ಕಲಬುರಗಿಗೆ ಬಂದು ಮುಟ್ಟುತ್ತದೆ. ಕಂಪೈಲರಿನ ಮನಸ್ಸು ನಮ್ಮ ಟಪಾಲಿನವನಷ್ಟು ದೊಡ್ಡದಲ್ಲ.

ಎರಡು ಸಾಲು ತಿದ್ದಿ ಕೊಟ್ಟೆ, ನಡೆಯಿತು. ಅವನು ಸುಮ್ಮನಾಗಲಿಲ್ಲ. “ಹಂಗಾದ್ರ ಈ ಬುಕ್ಕು ಬ್ಯಾಡೇನು? ಮತ್ತ್ಯಾವುದು ತಗೋಬೇಕು?”

ಈ ಪ್ರಶ್ನೆಯನ್ನು ನಾನೂ ಒಂದು ಕಾಲಕ್ಕೆ ಮೂವರಿಗೆ ಕೇಳಿದ್ದೆ. ಮೂರು ಉತ್ತರ ಸಿಕ್ಕಿದ್ದವು. ಅವುಗಳಲ್ಲಿ ತಪ್ಪು ಉತ್ತರವನ್ನೇ ಆರಿಸಿ, ಹೊತ್ತು ತಂದು, ಐದು ತಿಂಗಳು ಓದಿದ್ದೆ.

ಜಿಡಗಾ ಅಂದರೆ ಹೊರಗಿನವರಿಗೆ ನವಕಲ್ಯಾಣ ಮಠ. ಮುಗಳಖೋಡ–ಜಿಡಗಾ ಅಂತ ಜೋಡಿಯಾಗಿಯೇ ಹೇಳುವುದು ರೂಢಿ. ನಮಗೆ ಮಾತ್ರ ಅದು ತೊಗರಿ, ಜೋಳ, ಕರಿನೆಲ, ಆಳಂದದ ಬಸ್ಸು. ನಾನು ಗುಲ್ಬರ್ಗದಲ್ಲಿ ಎಂಜಿನಿಯರಿಂಗ್ ಮುಗಿಸಿದ್ದು 2005ರಲ್ಲಿ. ಜೊತೆಯವರಲ್ಲಿ ಅರ್ಧ ಜನ ಬೆಂಗಳೂರಿನ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದರು, ಉಳಿದ ಅರ್ಧ ಹೈದರಾಬಾದಿನ ಹುಸೇನ್ ಸಾಗರ್ ಹತ್ತಿದರು. ನಾನು ಎರಡನೆಯ ಗುಂಪಿನವ. ನಿಜಾಮರ ರಾಜ್ಯದಲ್ಲಿದ್ದ ನಮ್ಮ ಭಾಗಕ್ಕೆ ಹೈದರಾಬಾದ್ ಪರಸ್ಥಳವೇ ಅಲ್ಲ. ಮುತ್ಯಾನ ಬಾಯಲ್ಲಿ ‘ಶಹರ’ ಅಂದರೆ ಕೊನೆಯತನಕವೂ ಅದೇ. ಬೇಗಂಪೇಟೆಯಲ್ಲಿ ಇಳಿದರೆ ಕಂಪ್ಯೂಟರ್ ತರಬೇತಿಯ ಅಮೀರ್‌ಪೇಟೆ ಹತ್ತಿರ. ಭಾಷೆಯ ತೊಂದರೆಯೂ ಇರಲಿಲ್ಲ, ಆಳಂದದಲ್ಲಿ ಕಲಿತ ದಖನಿ ಅಲ್ಲಿಯ ಆಟೋದವನಿಗೂ ಸಾಕಾಗುತ್ತಿತ್ತು.

ಆಗಿನ ಅಮೀರ್‌ಪೇಟೆಯನ್ನು ನೋಡದವರಿಗೆ ಹೇಳುವುದು ಕಷ್ಟ. ಮೈತ್ರಿವನಂ ಕಟ್ಟಡದ ಸುತ್ತ ಗೋಡೆ ಕಾಣುತ್ತಿರಲಿಲ್ಲ, ಬೋರ್ಡುಗಳೇ ಕಾಣುತ್ತಿದ್ದವು: ಕೋರ್ ಜಾವಾ, ಅಡ್ವಾನ್ಸ್ಡ್ ಜಾವಾ, ಜೆ2ಇಇ (ಜಾವಾ ಇಇಯ ಆಗಿನ ಹೆಸರು), ಒರಾಕಲ್. ಒಂದೊಂದು ಕೋಣೆಯಲ್ಲಿ ಇನ್ನೂರು ಹುಡುಗರು, ಸರ್ ಕೈಯಲ್ಲಿ ಮೈಕು. ಕೆಳಗೆ ಬಂದರೆ ಜೆರಾಕ್ಸ್ ಅಂಗಡಿಗಳಲ್ಲಿ ಅದೇ ಸರ್ ಹೇಳಿದ ಪಾಠ ಯಾರದೋ ದುಂಡು ಅಕ್ಷರದಲ್ಲಿ ಸ್ಪೈರಲ್ ಹಾಕಿಸಿಕೊಂಡು ನೇತಾಡುತ್ತಿತ್ತು. ಅದಕ್ಕೆ ‘ಮೆಟೀರಿಯಲ್’ ಅನ್ನುತ್ತಿದ್ದರು. ಪುಸ್ತಕ ಎಂಬ ಶಬ್ದವೇ ಅಲ್ಲಿ ಸ್ವಲ್ಪ ಹಳೆಯ ಕಾಲದ್ದು.

ನಾನು ಸೇರಿದ ಸಂಸ್ಥೆಯ ಹೆಸರು ಬೇಡ. ಸರ್ವ್‌ಲೆಟ್ ಹತ್ತು ದಿನ, ಜೆಎಸ್‌ಪಿ ಎಂಟು ದಿನ, ಆಮೇಲೆ ಇಜೆಬಿ (ಎಂಟರ್‌ಪ್ರೈಸ್ ಜಾವಾಬೀನ್ಸ್) ಅಂತ ಓಡಿಸಿದರು. ಅಪ್ಲಿಕೇಶನ್ ಸರ್ವರ್ ಅಂದರೇನು ಅಂತ ಒಬ್ಬ ಎದ್ದು ಕೇಳಿದ. “ವೆಬ್‌ಲಾಜಿಕ್, ವೆಬ್‌ಸ್ಫಿಯರ್, ಜೆಬಾಸ್, ಬರ್ಕೊಳ್ಳಿ” ಅಂದರು ಸರ್. ಎತ್ತು ಅಂದರೇನು ಅಂತ ಕೇಳಿದವನಿಗೆ ಖಿಲಾರಿ, ದೇವಣಿ ಅಂತ ತಳಿ ಹೇಳಿದ ಹಾಗೆ. ನಾವು ಬರೆದುಕೊಂಡೆವು.

ಆಗ ನಾನು ಒಂದು ಪುಸ್ತಕ ತೆಗೆದುಕೊಳ್ಳಲೇಬೇಕು ಅಂತ ನಿಶ್ಚಯ ಮಾಡಿದೆ. ಸರ್‌ಗೆ ಕೇಳಿದರೆ “ಮೆಟೀರಿಯಲ್ ಸಾಕು”. ರೂಮಿನಲ್ಲಿದ್ದ ಹುಮನಾಬಾದಿನ ಗೆಳೆಯ, “ಇಜೆಬಿ ಮ್ಯಾಲ ಎಲ್ಲಕ್ಕಿಂತ ದೊಡ್ಡ ಬುಕ್ಕು ಯಾವುದದ ಅದನ್ನ ತಗೋ, ಸಣ್ಣದು ತಗೊಂಡು ಮತ್ತ ಮತ್ತ ಕೊಳ್ಳೋದು ಯಾಕ” ಅಂದ. ಕಾಲೇಜಿನ ಸೀನಿಯರ್ ಒಬ್ಬರು ಹೈಟೆಕ್ ಸಿಟಿಯಲ್ಲಿ ಕೆಲಸಕ್ಕಿದ್ದರು. ಅವರು “ಹೆಡ್ ಫಸ್ಟ್ ಸರ್ವ್‌ಲೆಟ್ಸ್ ಅಂಡ್ ಜೆಎಸ್‌ಪಿ ತಗೋ ತಮ್ಮಾ, ಸರ್ವರ್ ಬಗ್ಗೆ ಆಮೇಲೆ ಓದ್ತೀಯಂತ” ಅಂದರು.

2006ರ ಜನವರಿ. ಊರಲ್ಲಿ ತೊಗರಿ ರಾಶಿ ಮುಗಿದಿತ್ತು. ಅಪ್ಪ ಗುಲ್ಬರ್ಗದ ಅಡತ್ ಅಂಗಡಿಯಲ್ಲಿ ಬಟವಾಡೆ ತಗೊಂಡು, ನನ್ನ ಪಾಲಿನ ಖರ್ಚಿನ ದುಡ್ಡು ಕಳಿಸಿದ್ದ. ಆ ಹಂಗಾಮಿಗೆ ತೊಗರಿಯ ಬೆಂಬಲ ಬೆಲೆ ಕ್ವಿಂಟಲಿಗೆ 1,400 ರೂಪಾಯಿ. ಪುಸ್ತಕಕ್ಕೆ ಎಷ್ಟಾಗುತ್ತದೆ ಅಂತ ಎಸ್‌ಟಿಡಿ ಬೂತಿನಿಂದ ಫೋನಿನಲ್ಲಿ ಹೇಳಿದೆ: 425. ಆ ಕಡೆ ಒಂದು ಗಳಿಗೆ ಸಪ್ಪಳಿಲ್ಲ. ಆಮೇಲೆ, “ಅಂದ್ರ ಮೂವತ್ತು ಕಿಲೋ ತೊಗರಿ” ಅಂದ. ಬೈಗುಳ ಅಲ್ಲ, ಲೆಕ್ಕ. ಅಪ್ಪನಿಗೆ ಯಾವ ರೊಕ್ಕವೂ ತೊಗರಿಗೆ ತಿರುಗಿಸಿದ ಮೇಲೆಯೇ ಅರ್ಥವಾಗುವುದು.

ಭಾನುವಾರ ಆಬಿಡ್ಸ್‌ಗೆ ಹೋದೆ. ವಾರವೆಲ್ಲ ಬಟ್ಟೆ ಬೂಟು ಮಾರುವ ಆ ರಸ್ತೆಯ ಫುಟ್‌ಪಾತು ಭಾನುವಾರ, ಅಂಗಡಿ ಮುಚ್ಚಿದ ಮೇಲೆ, ಪುಸ್ತಕದ ಸಂತೆಯಾಗುತ್ತದೆ. ಗೋಣಿತಟ್ಟಿನ ಮೇಲೆ ಉರ್ದು ಕಾದಂಬರಿ, ಅದರ ಪಕ್ಕ ಮೆಡಿಕಲ್ ಅಟ್ಲಾಸು, ಅದರ ಪಕ್ಕ ಜಾವಾ. ಹೆಡ್ ಫಸ್ಟ್ ಒಂದು ಪ್ರತಿ ಇತ್ತು. ತೆರೆದೆ. ಪುಟದ ತುಂಬ ಫೋಟೋ, ಬಾಣದ ಗುರುತು, ಕೈಬರಹದಂಥ ಅಕ್ಷರ, ಸರ್ವ್‌ಲೆಟ್ ನಡೆಸುವ ಕಂಟೇನರೇ ಮಾತಾಡುವ ಚಿತ್ರ. ಮಕ್ಕಳ ಪುಸ್ತಕ ಅನ್ನಿಸಿಬಿಟ್ಟಿತು. ಎಂಜಿನಿಯರ್ ಆದವನು, ಮೂವತ್ತು ಕಿಲೋ ತೊಗರಿ ಸುರಿದು, ಚಿತ್ರದ ಪುಸ್ತಕ ಒಯ್ಯುವುದೇ? ಮುಚ್ಚಿಟ್ಟೆ. ಇಜೆಬಿಯ ದಪ್ಪ ಪುಸ್ತಕ ಎತ್ತಿಕೊಂಡೆ, ಎಂಟುನೂರು ಪುಟಕ್ಕೂ ಮೇಲೆ. ಅದರ ಹೆಸರು ಹೇಳಿದರೆ ಬರೆದವರಿಗೆ ಅನ್ಯಾಯವಾದೀತು. ಅದು ಒಳ್ಳೆಯ ಪುಸ್ತಕವೇ. ಬ್ಯಾಂಕಿನ ವ್ಯವಹಾರಕ್ಕೆ ಮೂರು ನಾಲ್ಕು ವರ್ಷ ಕೋಡ್ ಬರೆದು ಕೈ ಸುಟ್ಟುಕೊಂಡವರಿಗಾಗಿ ಬರೆದದ್ದು. ನಾನು ಇನ್ನೂ ಒಲೆಯನ್ನೇ ನೋಡಿರಲಿಲ್ಲ.

ನಾಲ್ವರು ಸೇರಿ ಕೊಂಡ ಜೋಡಣೆ ಕಂಪ್ಯೂಟರಿನಲ್ಲಿ ಜೆಬಾಸ್ 4 ಹಾಕಿದೆವು. ಜೆಬಾಸ್ ಪುಕ್ಕಟೆ, ಅದೊಂದೇ ಕಾರಣಕ್ಕೆ ಅದು ನಮ್ಮದಾಯಿತು, ವೆಬ್‌ಲಾಜಿಕ್ ಹೆಸರು ಬರೀ ಇಂಟರ್‌ವ್ಯೂಗೆ. ಮೊದಲ ದಿನ ಅದು ಏಳಲೇ ಇಲ್ಲ. ಕಪ್ಪು ಕಿಟಕಿಯಲ್ಲಿ ನೂರಾರು ಸಾಲು ಸರಸರ ಓಡಿ ಕೊನೆಗೆ ‘ಅಡ್ರೆಸ್ ಆಲ್ರೆಡಿ ಇನ್ ಯೂಸ್’ ಅಂತ ಬಿದ್ದಿತು. ದಪ್ಪ ಪುಸ್ತಕದ ಹಿಂದಿನ ಸೂಚಿಯಲ್ಲಿ ಹುಡುಕಿದೆ. ಎರಡು ರಾತ್ರಿ ಕಳೆದ ಮೇಲೆ ಗೊತ್ತಾಯಿತು: ಹುಮನಾಬಾದಿನವನು ಹಾಕಿಕೊಂಡಿದ್ದ ಒರಾಕಲ್‌ನ ಪುಕ್ಕಟೆ ಡೇಟಾಬೇಸು 8080 ಪೋರ್ಟಿನಲ್ಲಿ ಮೊದಲೇ ಚಾಪೆ ಹಾಸಿ ಕೂತಿತ್ತು. ಜೆಬಾಸಿಗೂ ಅದೇ ಜಾಗ ಬೇಕು. ಒಂದೇ ಮಳಿಗೆಯನ್ನು ಇಬ್ಬರಿಗೆ ಬಾಡಿಗೆ ಕೊಟ್ಟ ಹಾಗೆ. ಇಂಥದ್ದನ್ನು ದೊಡ್ಡ ಪುಸ್ತಕಗಳು ಹೇಳುವುದಿಲ್ಲ, ಅದು ಅವುಗಳ ಘನತೆಗೆ ಕಡಿಮೆ.

ಆಮೇಲೆ ಇಜೆಬಿ. ‘ನಮಸ್ಕಾರ’ ಅನ್ನುವ ಒಂದು ಶಬ್ದವನ್ನು ಸರ್ವರಿನಿಂದ ಹೇಳಿಸಬೇಕಾದರೆ ಒಂದು ಹೋಮ್ ಇಂಟರ್‌ಫೇಸ್, ಒಂದು ರಿಮೋಟ್ ಇಂಟರ್‌ಫೇಸ್, ಒಂದು ಬೀನ್ ಕ್ಲಾಸು, ಅದರ ಮೇಲೆ ಎಕ್ಸ್‌ಎಂಎಲ್ ಕಡತಗಳು. ಪುಸ್ತಕ ಅವನ್ನೆಲ್ಲ ಹೇಗೆ ಬರೆಯಬೇಕೆಂದು ಬಿಡಿಬಿಡಿಸಿ ಹೇಳುತ್ತಿತ್ತು. ನಾನು ಬಾಯಿಪಾಠ ಮಾಡಿದೆ. ಯಾಕೆ ಅಂತ ಕೇಳಲಿಲ್ಲ. ಸರಕಾರಿ ಅರ್ಜಿಗೆ ಮೂರು ಪ್ರತಿ ಯಾಕೆ ಅಂತ ಯಾರಾದರೂ ಕೇಳುತ್ತಾರೆಯೇ?

ಮೇ ತಿಂಗಳಲ್ಲಿ ಜಾವಾ ಇಇ 5 ಬಂತು. ಹೋಮ್ ಇಂಟರ್‌ಫೇಸ್ ಬೇಕಿಲ್ಲ, ಆ ಎಕ್ಸ್‌ಎಂಎಲ್ ಕಡ್ಡಾಯವಲ್ಲ. ಒಂದು ಸಾದಾ ಇಂಟರ್‌ಫೇಸ್, ಒಂದು ಸಾದಾ ಕ್ಲಾಸು; ಕ್ಲಾಸಿನ ತಲೆಯ ಮೇಲೆ ‘ಸ್ಟೇಟ್‌ಲೆಸ್’ ಅಂತ ಒಂದು ಗುರುತು ಬರೆದರೆ ಸಾಕು, ಅದು ಇಜೆಬಿ. ಐದು ತಿಂಗಳ ಬಾಯಿಪಾಠ ಒಂದು ಶಬ್ದದ ಮುಂದೆ ಕೆಲಸಕ್ಕೆ ಬಾರದಾಯಿತು. ಸರ್ ಮೈಕಿನಲ್ಲಿ “ಇಂಟರ್‌ವ್ಯೂದಲ್ಲಿ ಇನ್ನುಮೇಲೆ ಎರಡೂ ಕೇಳ್ತಾರೆ” ಅಂತ ಹೇಳಿ ಮುಂದಿನ ಬ್ಯಾಚಿಗೆ ಫೀಸು ಏರಿಸಿದರು. ನಾನು ಪುಸ್ತಕವನ್ನು ಟ್ರಂಕಿನ ತಳಕ್ಕೆ ಹಾಕಿದೆ. ಮೂವತ್ತು ಕಿಲೋ ತೊಗರಿ ಮಳೆಗೆ ಸಿಕ್ಕ ಹಾಗನ್ನಿಸಿತು.

ಕೆಲಸ ಸಿಕ್ಕದ್ದು ಬೆಂಗಳೂರಿನಲ್ಲಿ, ಅದೇ ವರ್ಷದ ಕೊನೆಗೆ. ಸಣ್ಣ ಕಂಪನಿ. ಒಂದು ಗೋದಾಮಿನ ಸರಕಿನ ಲೆಕ್ಕದ ತಂತ್ರಾಂಶ, ಜೆಬಾಸ್ ಮೇಲೆ. ನಾನು ಬರೆದ ಭಾಗ ನನ್ನ ಮೇಜಿನ ಮೇಲೆ ಚೆನ್ನಾಗಿ ನಡೆಯುತ್ತಿತ್ತು. ಗ್ರಾಹಕರಲ್ಲಿ ಹಾಕಿದ ದಿನ ಬೆಳಗ್ಗೆ ಚೆನ್ನಾಗಿತ್ತು, ಮಧ್ಯಾಹ್ನ ಊಟದ ಹೊತ್ತಿಗೆ ನಿಂತಿತು. ಸತ್ತಿಲ್ಲ, ನಿಂತಿದೆ. ಒಂದೊಂದು ಕ್ಲಿಕ್ಕಿಗೂ ಸರಿಯಾಗಿ 30 ಸೆಕೆಂಡು ಸುಮ್ಮನಿದ್ದು, ಆಮೇಲೆ ಕನೆಕ್ಷನ್ ಖಾಲಿ ಇಲ್ಲ ಅಂತ ಲಾಗಿನಲ್ಲಿ ಒಂದು ದೂರು. ಸರ್ವರ್ ನಿಲ್ಲಿಸಿ ಎಬ್ಬಿಸಿದರೆ ಮತ್ತೆ ಎರಡು ತಾಸು ನಡೆಯುತ್ತಿತ್ತು. ಮೂರು ದಿನ ಹಾಗೇ ಎಬ್ಬಿಸುತ್ತ ಕೂತೆ. ಯಾವ ಫೈಲಿನ ಯಾವ ಟ್ಯಾಗಿನಲ್ಲಿ ಕನೆಕ್ಷನ್ ಸಂಖ್ಯೆ ಬರೆಯಬೇಕು ಅನ್ನುವುದು ಗೊತ್ತಿತ್ತು. 20 ಇದ್ದದ್ದನ್ನು 50 ಮಾಡಿದೆ. ಎರಡು ತಾಸಿನ ಬದಲು ಐದು ತಾಸು ನಡೆಯಿತು, ಅಷ್ಟೇ.

ನಮ್ಮ ಟೀಮಿನಲ್ಲಿ ಹಾಸನದ ಕಡೆಯ ಹಿರಿಯರೊಬ್ಬರಿದ್ದರು. ಕುರ್ಚಿ ಎಳೆದುಕೊಂಡು ಬಂದು ಕೂತು ಕೇಳಿದರು: “ಕನೆಕ್ಷನ್ ನಿಮಗೆ ಯಾರು ಕೊಡ್ತಾರೆ?”

“ಡೇಟಾಬೇಸ್, ಸರ್.”

“ಅಲ್ಲ. ಸರ್ವರ್ ಕೊಡುತ್ತೆ. ಅದು ಮೊದಲೇ ಇಪ್ಪತ್ತು ಕನೆಕ್ಷನ್ ತೆಗೆದು ಇಟ್ಕೊಂಡಿರುತ್ತೆ. ನೀವು ಕೇಳಿದಾಗ ಒಂದು ಕೊಡುತ್ತೆ. ನಿಮ್ಮ ಕೆಲಸ ಆದ್ಮೇಲೆ ಏನ್ಮಾಡಬೇಕು?”

ನನಗೆ ಆಳಂದದ ಬಾಡಿಗೆ ಸೈಕಲ್ ಅಂಗಡಿ ಕಣ್ಣ ಮುಂದೆ ಬಂದು ನಿಂತಿತು.

ಹೈಸ್ಕೂಲಿಗೆ ಅಲ್ಲಿ ಅತ್ತಿಯ ಮನೆಯಲ್ಲಿದ್ದೆ. ಬಸ್‌ಸ್ಟ್ಯಾಂಡಿನ ಹತ್ತಿರ ತಗಡಿನ ಅಂಗಡಿ. ಮಡ್‌ಗಾರ್ಡಿನ ಮೇಲೆ ಬಿಳಿ ಬಣ್ಣದಲ್ಲಿ ನಂಬರು ಬರೆದ ಹನ್ನೆರಡು ಸೈಕಲ್ಲು. ತಾಸಿಗೆ ಒಂದು ರೂಪಾಯಿ. ಮಾಲಕರು ಪಟ್ಟಿಯಲ್ಲಿ ಹೆಸರು, ನಂಬರು, ಹೊತ್ತು ಬರೆದುಕೊಳ್ಳುವರು. ಊರಲ್ಲಿ ಸೈಕಲ್ ಬೇಕಾದವರು ನೂರಾರು ಜನ, ಇರುವವು ಹನ್ನೆರಡು. ಆದರೂ ನಡೆಯುತ್ತಿತ್ತು, ಯಾಕಂದರೆ ಯಾರಿಗೂ ದಿನವಿಡೀ ಬೇಕಿರಲಿಲ್ಲ. ಸೈಕಲ್ ತಿರುಗಿ ಬರುವುದರ ಮೇಲೆ ಇಡೀ ವ್ಯವಹಾರ ನಿಂತಿತ್ತು. ಒಮ್ಮೆ ನಾನು ಏಳನೇ ನಂಬರಿನದು ಒಯ್ದು, ಸೋದರಮಾವನ ಹೊಲದಲ್ಲಿ ಸೀತನಿ ತಿನ್ನುತ್ತ ಕೂತು, ಮಳೆ ಹಿಡಿದು, ಮರುದಿನ ತಂದುಕೊಟ್ಟೆ. ಮಾಲಕರು ಬೈಯಲಿಲ್ಲ. ಅಂಗಡಿಯ ಮುಂದೆ ಕಾಯುತ್ತ ಕುಕ್ಕರುಗಾಲಲ್ಲಿ ಕೂತಿದ್ದ ಹುಡುಗರ ಕಡೆ ಬೆರಳು ಮಾಡಿ, “ಇವ್ರಿಗೆ ನೀನೇ ಹೇಳು” ಅಂದರು.

ನನ್ನ ಕೋಡಿನಲ್ಲಿ ಎಲ್ಲ ಸರಿ ನಡೆದಾಗ ಕನೆಕ್ಷನ್ ತಿರುಗಿ ಕೊಡುವ ಸಾಲು ಇತ್ತು. ನಡುವೆ ಏನಾದರೂ ತಪ್ಪಾಗಿ ಎಕ್ಸೆಪ್ಶನ್ ಎದ್ದರೆ ಆ ಸಾಲಿಗೆ ಬರದೆಯೇ ಹೊರಬೀಳುತ್ತಿತ್ತು. ಸೈಕಲ್ ಹೊಲದಲ್ಲೇ ಉಳಿಯುತ್ತಿತ್ತು. ಇಪ್ಪತ್ತು ತಪ್ಪಾಗುವ ಹೊತ್ತಿಗೆ ಅಂಗಡಿ ಖಾಲಿ. ನಾನು ಮಾಡಿದ್ದು ಮತ್ತೆ ಮೂವತ್ತು ಸೈಕಲ್ ಕೊಂಡು ನಿಲ್ಲಿಸಿದ್ದು. ‘ಫೈನಲಿ’ ಎಂಬ ಒಂದು ಕಟ್ಟಿನೊಳಗೆ ಆ ಸಾಲನ್ನು ಸರಿಸಿದರೆ ಮುಗಿಯುತ್ತಿತ್ತು; ಮುಗಿಯಿತು.

ಹಾಸನದ ಹಿರಿಯರು ಮರುದಿನ ತಮ್ಮ ಕಪಾಟಿನಿಂದ ಎರಡು ಪುಸ್ತಕ ತಂದರು. ಒಂದು ನಾನು ಆಬಿಡ್ಸ್‌ನಲ್ಲಿ ಮುಚ್ಚಿಟ್ಟ ಅದೇ ಹೆಡ್ ಫಸ್ಟ್, ಬ್ರಯಾನ್ ಬಾಶಮ್, ಕ್ಯಾಥಿ ಸಿಯೆರಾ, ಬರ್ಟ್ ಬೇಟ್ಸ್ ಬರೆದದ್ದು, 2004ರದು. ಸನ್ ಕಂಪನಿಯ ಪರೀಕ್ಷೆಯೊಂದಕ್ಕೆ ತಯಾರಿಯ ಪುಸ್ತಕ ಅದು. ಆದರೆ ಶುರುವಿನಲ್ಲೇ ಒಂದು ಪ್ರಶ್ನೆ ಹಾಕುತ್ತದೆ: ಕಂಟೇನರ್ ಇಲ್ಲದಿದ್ದರೆ ನೀನು ಕೈಯಾರೆ ಏನೇನು ಮಾಡಬೇಕಾಗುತ್ತಿತ್ತು? ಸಾಕೆಟ್ ತೆರೆದು ಕಾಯಬೇಕು, ಬಂದವರಿಗೆಲ್ಲ ಬೇರೆ ಬೇರೆ ಥ್ರೆಡ್ ಕೊಡಬೇಕು, ಯಾರನ್ನು ಒಳಗೆ ಬಿಡಬೇಕು ಅಂತ ನೋಡಬೇಕು. ಅಮೀರ್‌ಪೇಟೆಯಲ್ಲಿ ಎದ್ದು ಕೇಳಿದ ಆ ಹುಡುಗನ ಪ್ರಶ್ನೆಗೆ ಉತ್ತರ ಅಲ್ಲಿತ್ತು, ಚಿತ್ರಗಳ ನಡುವೆ. ಅದರ ಉದಾಹರಣೆಗಳು ನಡೆಯುವುದು ಜೆಬಾಸ್ ಮೇಲಲ್ಲ, ವೆಬ್‌ಲಾಜಿಕ್ ಮೇಲಲ್ಲ, ಬರೀ ಟಾಮ್‌ಕ್ಯಾಟ್ ಮೇಲೆ.

ಇನ್ನೊಂದು ರಾಡ್ ಜಾನ್ಸನ್ ಅವರ ‘ಎಕ್ಸ್‌ಪರ್ಟ್ ಒನ್-ಆನ್-ಒನ್ ಜೆ2ಇಇ ಡಿಸೈನ್ ಅಂಡ್ ಡೆವಲಪ್‌ಮೆಂಟ್’, 2002ರದು. ಹೊಸಬರ ಪುಸ್ತಕ ಅಲ್ಲವೇ ಅಲ್ಲ. ಆದರೆ ನನ್ನ ಸೈಕಲ್ ಕತೆ ಅದರಲ್ಲಿ ಅಧ್ಯಾಯವಾಗಿ ಕೂತಿತ್ತು: ಎಲ್ಲರೂ ಎಲ್ಲ ಕಡೆ ಕನೆಕ್ಷನ್ ತಿರುಗಿ ಕೊಡುವುದನ್ನು ನೆನಪಿಟ್ಟುಕೊಳ್ಳಲಿ ಅನ್ನುವುದೇ ತಪ್ಪು ನಿರೀಕ್ಷೆ, ಒಂದೇ ಕಡೆ ಬರೆದಿಟ್ಟು ಅದನ್ನೇ ಎಲ್ಲರೂ ಬಳಸಲಿ. ಆ ಪುಸ್ತಕದ ಜೊತೆಗಿದ್ದ ಕೋಡೇ ಬೆಳೆದು ಸ್ಪ್ರಿಂಗ್ ಆಯಿತು ಅನ್ನುವುದು ಈಗ ಈ ಕಸುಬಿನ ಪುರಾಣದ ಭಾಗ. ಅದರಲ್ಲಿಯ ಇಜೆಬಿ ನಾನು ಓದಿದ್ದಕ್ಕಿಂತ ಹಳೆಯದು. ಆದರೂ ಅದು ಟ್ರಂಕಿನ ತಳಕ್ಕೆ ಹೋಗಲಿಲ್ಲ. ಜೆಬಾಸ್ 2011ರಲ್ಲಿ ಏಳನೆಯ ಆವೃತ್ತಿಗೆ ಬಂದಾಗ ಒಳಗಿನ ಫೋಲ್ಡರುಗಳೆಲ್ಲ ಬದಲಾದವು, ಅದರ ಮುಂದಿನ ಆವೃತ್ತಿಗೆ ಹೆಸರೂ ಬದಲಾಗಿ ವೈಲ್ಡ್‌ಫ್ಲೈ ಆಯಿತು. ಯಾವ ಫೈಲಿನಲ್ಲಿ ಏನು ಬರೆಯಬೇಕು ಅಂತ ನನಗೆ ಹೇಳಿಕೊಟ್ಟ ಪುಸ್ತಕಗಳೆಲ್ಲ ಆಗ ರದ್ದಿಗೆ ಹೋದವು. ಇವೆರಡು ಇನ್ನೂ ಇವೆ.

ಹಾಗಂತ ಅಣ್ಣನ ಮಗನಿಗೆ ಹೆಡ್ ಫಸ್ಟ್ ಕೊಡಲೇ? 2004ರ ಪುಸ್ತಕ, ಅದರಲ್ಲೂ ‘ಜಾವಾಎಕ್ಸ್’ ಎಂದೇ ಇದೆ. ಈಗಿನ ಹುಡುಗರಿಗೆ ಸ್ಪ್ರಿಂಗ್ ಬೂಟ್ ಇದೆ, ಸರ್ವರ್ ಅದರ ಹೊಟ್ಟೆಯೊಳಗೇ ಬರುತ್ತದೆ. ಎಬ್ಬಿಸುವ ಕೆಲಸವೂ ಇಲ್ಲ. ಬಾಯಲ್ಲಿ ಪುಸ್ತಕದ ಹೆಸರು ಬರಲಿಲ್ಲ.

“ಸರ್ವರ್ ತಗದು ಹಾಕು,” ಅಂದೆ. “ಬರೀ ಜಾವಾದಾಗ 8080 ತೆರೆದು ಕೂಡು. ಬ್ರೌಸರ್ ಬಂದು ಕೇಳಿದ್ರ ‘ಶರಣು’ ಅಂತ ಕಳಸು. ಅಷ್ಟೇ.”

ನಲವತ್ತು ಸಾಲಿನಷ್ಟು ಬರೆದ. ಎರಡು ಸಲ ಕರೆಂಟು ಹೋಯಿತು. ಹೊತ್ತು ಮುಳುಗುವಾಗ ಲ್ಯಾಪ್‌ಟಾಪಿನ ಬ್ರೌಸರಿನಲ್ಲಿ ‘ಶರಣು’ ಮೂಡಿತು. ಹುಡುಗ ಹಿಗ್ಗಿ, ಫೋನಿನ ಹಾಟ್‌ಸ್ಪಾಟ್ ಹಚ್ಚಿ, ಫೋನಿನಿಂದಲೂ ಲ್ಯಾಪ್‌ಟಾಪಿನ ವಿಳಾಸ ಒತ್ತಿದ. ಗಾಲಿ ತಿರುಗತೊಡಗಿತು. ತಿರುಗಿತು, ತಿರುಗಿತು. ಮೊದಲಿನ ಸಾಕೆಟ್ಟನ್ನು ಅವನು ಮುಚ್ಚಿರಲಿಲ್ಲ. ಕೋಡು ಇನ್ನೂ ಅದರ ಮುಂದೆಯೇ ಕೂತು ಮುಂದಿನ ಮಾತಿಗೆ ಕಾಯುತ್ತಿತ್ತು.

“ಇದ್ಯಾಕ ಬರ್ಲಿಲ್ಲ?”

ನಾನು ಸೈಕಲ್ ಅಂಗಡಿಯ ಮಾತು ತೆಗೆಯಲಿಲ್ಲ. ಬಾಡಿಗೆ ಸೈಕಲ್ ಅಂದರೆ ಏನಂತ ಮೊದಲು ಹೇಳಬೇಕಾಗುತ್ತಿತ್ತು. ಅವನು ಪುಸ್ತಕವನ್ನು ಹತ್ತಿರ ಎಳೆದುಕೊಂಡು ಥ್ರೆಡ್ ಅನ್ನುವ ಅಧ್ಯಾಯ ಎಲ್ಲಿದೆ ಅಂತ ಹುಡುಕಲು ಶುರು ಮಾಡಿದ.

ಅಪ್ಪ ಹೊಲದಿಂದ ಬಂದ. ಮಳೆ ಕೈಕೊಟ್ಟ ವರ್ಷ, ಎದೆಮಟ್ಟ ಇರಬೇಕಾದ ತೊಗರಿ ಸೊಂಟಕ್ಕೆ ನಿಂತಿತ್ತು. ಕಟ್ಟೆಯ ಮೇಲೆ ಕೂತು, ಪುಸ್ತಕ ಎತ್ತಿ, ಕೈಯಲ್ಲಿ ತೂಗಿ ನೋಡಿದ.

“ಇದು ಎಷ್ಟಕ್ಕ ಬಂತು?”

“ಎಂಟನೂರಾ ತೊಂಬತ್ತೊಂಬತ್ತು, ಮುತ್ಯಾ.”

“ಪ್ಯಾಟ್ಯಾಗ ಈಗ ಹತ್ತು ಸಾವಿರದ ಮ್ಯಾಲ ಅದ.” ತುಟಿ ಸ್ವಲ್ಪ ಅಲುಗಿದವು. “ಒಂಬತ್ತು ಕಿಲೋನೂ ಆಗಲಿಲ್ಲಲ್ಲೋ ತಮ್ಮಾ,” ಅಂತ ನನ್ನ ಕಡೆ ನೋಡಿದ.